ಒಂದು ಗಂಟೆಯ ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ? ವಿಮಾನದಲ್ಲಿ ಓಡಾಡುವವರನ್ನು ಕೇಳಿ, ಒಂದು ಗಂಟೆ ಎನ್ನುತ್ತಾರೆ. ಹರದಾರಿಯ ಲೆಕ್ಕ ಹೋಗಿ ಮೈಲಿ ಬಂತು, ಮೈಲಿ ಹೋಗಿ ಕಿಲೋಮೀಟರು ಬಂತು. ಈಗ ದೂರವನ್ನು ಗಡಿಯಾರದಿಂದಲೇ ಅಳೆದುಬಿಡುತ್ತೇವೆ. ನಾನೂ ಹಾಗೆ ಅಳೆದವನೇ.

ಲೆಕ್ಕವೇನೂ ಸುಳ್ಳಲ್ಲ. ದೇವನಹಳ್ಳಿಯ ನಿಲ್ದಾಣದಿಂದ ಬಜಪೆಯ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ.; ಶಿರಾಡಿ ಘಾಟಿ ಇಳಿದು ಹೋಗುವ ರಸ್ತೆ 350ರಷ್ಟು. ವೇಳಾಪಟ್ಟಿಯ ಗಂಟೆಯಲ್ಲಿ ನೆಲದ ಮೇಲೆ ಉರುಳುವ ಹೊತ್ತನ್ನು ಕಳೆದರೆ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ.

ಆದರೆ ಯಾರ ಮನೆಯೂ ವಿಮಾನ ನಿಲ್ದಾಣದಲ್ಲಿಲ್ಲ, ನೋಡಿ. 2008ರಲ್ಲಿ ಬೆಂಗಳೂರಿನ ನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದಾಗ ಮಂಗಳೂರಿನ ಆಕಾಶದೂರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಬಸವನಗುಡಿಯ ನನ್ನ ಮನೆ ಮಾತ್ರ ನಿಲ್ದಾಣದಿಂದ ಸುಮಾರು 25 ಕಿ.ಮೀ. ಹಿಂದಕ್ಕೆ ಸರಿಯಿತು. ಇನ್ನು ನಮ್ಮೂರು ಉಪ್ಪಿನಂಗಡಿ. ನೇತ್ರಾವತಿಯೂ ಕುಮಾರಧಾರೆಯೂ ಸೇರುವ ಊರು; ಘಾಟಿ ಇಳಿದ ಬಸ್ಸು ಮಂಗಳೂರಿಗೆ ಇನ್ನೂ 50 ಕಿ.ಮೀ. ಇರುವಾಗಲೇ ಅಲ್ಲಿ ಇಳಿಸುತ್ತದೆ. ವಿಮಾನವಾದರೋ ಊರನ್ನು ಹಿಂದೆ ಹಾಕಿ ಬಜಪೆಗೆ ಒಯ್ಯುತ್ತದೆ. ಅಲ್ಲಿಂದ ನಾವು ಕಾರು ಹಿಡಿದು ಮರಳಿ ಬರಬೇಕು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಒಂಬತ್ತಕ್ಕೆ ಅಣ್ಣನ ಫೋನು ಬಂತು: “ಅಪ್ಪ ನಿನ್ನನ್ನು ಕೇಳುತ್ತಿದ್ದಾರೆ.” ಹತ್ತೂವರೆಗೆ ಬಸ್ಸಿತ್ತು. ಬೆಂಗಳೂರಿನಲ್ಲೇ ಇದ್ದ ಅಕ್ಕನ ಮಗ ಅದಕ್ಕೆ ಹೊರಟ, ನನ್ನನ್ನೂ ಕರೆದ. “ರಾತ್ರಿಯಿಡೀ ಘಾಟಿಯಲ್ಲಿ ಕುಲುಕಾಡುವುದೇಕೆ? ಬೆಳಗ್ಗೆ ವಿಮಾನ ಹಿಡಿದರೆ ಒಂದು ಗಂಟೆಯ ದಾರಿ” ಎಂದೆ.

ಮೂರೂವರೆಗೆ ಮನೆ ಬಿಟ್ಟೆ. ಚೀಟಿ ತೋರಿಸಿ, ತಪಾಸಣೆಗೆ ನಿಂತು, ಕಾದು ಕುಳಿತು, ಆರೂಕಾಲಕ್ಕೆ ಹೊರಟೆ. ಇಳಿಯುವ ಮುನ್ನ ಎಡಗಡೆಯ ಕಿಟಕಿಯಲ್ಲಿ, ಅಡಿಕೆ ತೋಟಗಳ ನಡುವೆ, ಹೊಳೆಯ ಒಂದು ಬಿಳಿಯ ಗೆರೆ ಕಂಡಿತು. ಅಪ್ಪ ಮಲಗಿದ್ದ ಮನೆ ಅದರ ದಂಡೆಯಲ್ಲೇ ಎಲ್ಲೋ ಇತ್ತು. ಏಳೂಕಾಲಕ್ಕೆ ಬಜಪೆ. ಮನೆ ಮುಟ್ಟಿದಾಗ ಒಂಬತ್ತು ದಾಟಿತ್ತು.

ಅಕ್ಕನ ಮಗ ಐದಕ್ಕೇ ತಲುಪಿದ್ದ. ಆರರ ಹೊತ್ತಿಗೆ ಅಪ್ಪ ಕಣ್ಣು ತೆರೆದು “ಬಂದನೇ?” ಎಂದರಂತೆ. “ಬರುತ್ತಿದ್ದಾನೆ, ವಿಮಾನದಲ್ಲಿ” ಎಂದನಂತೆ ಅಣ್ಣ. ಬಾಯಿಗೆ ತುಳಸಿನೀರು ಬಿಟ್ಟವನು ಅಕ್ಕನ ಮಗ. ಆ ಹೊತ್ತಿನಲ್ಲಿ ನಾನು ದೇವನಹಳ್ಳಿಯಲ್ಲಿ, ಇನ್ನೂ ನೆಲದ ಮೇಲೆ, ಸೊಂಟಕ್ಕೆ ಪಟ್ಟಿ ಬಿಗಿದು ಕುಳಿತಿದ್ದೆ.

ವಿಮಾನದ ಮೇಲೆ ನನಗೆ ದೂರಿಲ್ಲ. ಹೇಳಿದ ಹೊತ್ತಿಗೆ ಹೊರಟು, ಹೇಳಿದ ಒಂದು ಗಂಟೆಯಲ್ಲೇ ಇಳಿಸಿತು. ಬಸ್ಸು ನಿಧಾನದ್ದು ನಿಜ. ಆದರೆ ಅದು ಆ ರಾತ್ರಿಯೇ ಹೊರಟಿತ್ತು.

ಈಗ ವರ್ಷಕ್ಕೊಮ್ಮೆ ಅಪ್ಪನ ತಿಥಿಗೆ ಊರಿಗೆ ಹೋಗುತ್ತೇನೆ. ಹತ್ತೂವರೆಯ ಬಸ್ಸಿಗೇ ಹೋಗುತ್ತೇನೆ. ಐದಕ್ಕೆ ಸರಿಯಾಗಿ ಇಳಿಯುತ್ತೇನೆ.