ಮೊದಲು ಯಾವುದು?

ಹಾರ್ಡ್ ಡಿಸ್ಕ್ ಕೆಡುವ ಮುನ್ನ ಎಷ್ಟೋ ಸಲ ಸದ್ದು ಮಾಡಿ ಎಚ್ಚರಿಸುತ್ತದೆ ಎಂಬುದು ಎಪ್ಪತ್ತು ದಾಟಿದ ಮೇಲೆ ನಾನು ಕಲಿತ ಪಾಠ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ಹಾಗೆ ಸದ್ದು ಮಾಡತೊಡಗಿತು. ಹಲ್ಲಿ ಲೊಚಗುಟ್ಟಿದಂತೆ, ಆದರೆ ತಾಳ ತಪ್ಪದೆ: ಟಿಕ್... ಟಿಕ್... ಟಿಕ್. ಫೋಟೊಗಳ ಫೋಲ್ಡರ್ ತೆರೆಯುವುದಕ್ಕೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು.

ಒಂಬತ್ತನೇ ತರಗತಿಯ ಮೊಮ್ಮಗಳು ಕಿವಿಗೊಟ್ಟು ಕೇಳಿದವಳೇ ಅದನ್ನು ಆಫ್ ಮಾಡಿದಳು. “ಅಜ್ಜ, ಇನ್ನು ಇದನ್ನು ಮುಟ್ಟಬೇಡ. ಆನ್ ಮಾಡಿದಷ್ಟೂ ಹಾಳಾಗುತ್ತೆ.”

ಅದರಲ್ಲಿ ನನ್ನ ಪೆನ್ಷನ್ ಕಾಗದಗಳಿದ್ದವು, ತೋಟದ ಪಹಣಿ ಇತ್ತು, ಮದುವೆ, ಹಬ್ಬಗಳ ಸಾವಿರಾರು ಫೋಟೊ ಇದ್ದವು. ಜೊತೆಗೆ ನನ್ನ ಹೆಂಡತಿ ಹಾಡಿದ ಹನ್ನೆರಡು ಹಸೆ ಹಾಡುಗಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿ ಮಗ ಅವನ್ನು ರೆಕಾರ್ಡ್ ಮಾಡಿದ್ದ.

ಸುದ್ದಿ ತಿಳಿದ ಪಕ್ಕದ ಮನೆಯವರು, “ಡಿಸ್ಕನ್ನು ಒಂದು ರಾತ್ರಿ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಡಿ, ಸರಿಹೋಗುತ್ತಂತೆ” ಎಂದರು. ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಇದನ್ನು ಹೇಳಿದಾಗ ಅವನು ನಕ್ಕ. “ಮೇಷ್ಟ್ರೇ, ತಣ್ಣಗಿನ ಲೋಟದ ಹೊರಗೆ ನೀರು ಕಟ್ಟುತ್ತಲ್ಲ, ಹಾಗೇ ಡಿಸ್ಕಿನ ಒಳಗೂ ಹನಿ ಕಟ್ಟಬಹುದು. ಇರೋದೂ ಹೋಗುತ್ತೆ.”

ಆಮೇಲೆ ಅವನು ಬಿಚ್ಚಿಟ್ಟಿದ್ದ ಒಂದು ಸತ್ತ ಡಿಸ್ಕ್ ತೋರಿಸಿದ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೊಂದು ಸಣ್ಣ ಕೈ. ನನಗೆ ಹಳೆಯ ಗ್ರಾಮಫೋನ್ ನೆನಪಾಯಿತು. ಆದರೆ ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ, ಇದು ಮುಟ್ಟಬಾರದು. ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುವಾಗ ಏಳುವ ಗಾಳಿಯ ಮೇಲೆ ಆ ಕೈಯ ತುದಿ ತೇಲುತ್ತಿರುತ್ತದೆ. ನಡುವಿನ ಜಾಗ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ! ತುದಿ ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ. ಗೀರಿನಿಂದ ಎದ್ದ ಪುಡಿ ಇನ್ನಷ್ಟು ಗೀರು ಮಾಡುತ್ತದೆ. ದಾರಿ ಸಿಗದ ಕೈ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಹೊರಡುವ ಸದ್ದೇ ಆ ಟಿಕ್ ಟಿಕ್.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವಂತೆ. ಒಂದು ಟನ್ ತೂಗುತ್ತಿದ್ದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗೇ ಅಷ್ಟು ಜಾಗ ಬೇಕು. ಅಂಗೈಯಗಲದ ಡಿಸ್ಕಿನಲ್ಲಿ ಒಂದು ಮನೆತನದ ನೆನಪೆಲ್ಲ ಕೂತಿರುತ್ತದೆ. ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ.

“ಡಿಸ್ಕ್ ರಿಪೇರಿ ಮಾಡೋಕೆ ಹೋಗಬಾರದು. ಮೊದಲು ಒಳಗಿರೋದನ್ನ ಹೊರಗೆ ತರಬೇಕು. ಎಲ್ಲಾ ಬರುತ್ತೆ ಅಂತ ನಾನು ಹೇಳಲ್ಲ. ಯಾವುದು ಮೊದಲು ಬೇಕು, ಚೀಟಿ ಬರೆದುಕೊಡಿ” ಎಂದ ಹುಡುಗ.

ಅಂಗಡಿಯ ಬೆಂಚಿನ ಮೇಲೆ ಕೂತು ಅಜ್ಜ, ಮೊಮ್ಮಗಳು ಚೀಟಿ ಬರೆಯತೊಡಗಿದೆವು. ನಾನು “ಪಹಣಿ” ಅಂದೆ.

“ಪಹಣಿ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತೆ ಅಜ್ಜ.”

“ಪೆನ್ಷನ್ ಕಾಗದ?”

“ಅದೂ ಖಜಾನೆಯಲ್ಲಿರುತ್ತೆ. ಅಜ್ಜಿ ಹಾಡು ಯಾವ ಕಚೇರಿಯಲ್ಲಿ ಸಿಗುತ್ತೆ, ಹೇಳು?”

ಚೀಟಿಯ ಮೊದಲ ಸಾಲಿಗೆ ಹಾಡು ಬಂತು. ಎರಡನೆಯದು ನನ್ನ ಅಪ್ಪ, ಅಮ್ಮನ ಒಂದೇ ಒಂದು ಫೋಟೊ. ಮೂರನೆಯದು ಮೊಮ್ಮಗಳ ಬಾಲ್ಯದ ವೀಡಿಯೊ. ಪಹಣಿಗೆ ಕೊನೆಯ ಸಾಲು.

ಹುಡುಗ ನಮ್ಮ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಚೀಟಿಯಲ್ಲಿದ್ದುದನ್ನು ಸರದಿಯಂತೆ ನಕಲು ಮಾಡಿದ. ಉಳಿದದ್ದಕ್ಕೆ ಒಂದು ಪ್ರೋಗ್ರಾಂ ಓಡಿಸಿದ. ಸುಲಭವಾಗಿ ಓದಲಾಗುವ ಭಾಗವನ್ನು ಅದು ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಹಟ ಹಿಡಿಯದೆ ದಾಟಿ ಮುಂದೆ ಹೋಗಿ, ಕೊನೆಗೆ ಅಲ್ಲಿಗೆ ತಿರುಗಿ ಬರುತ್ತದೆ. ಗೊತ್ತಿರುವ ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ ಎಂದು ನಾನು ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಹೇಳಿದ್ದನ್ನೇ ಈ ಯಂತ್ರವೂ ಮಾಡುತ್ತದೆಯಲ್ಲ ಎಂದು ಖುಷಿಯಾಯಿತು.

ಮೂರನೇ ದಿನ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಹತ್ತು ಹಾಡು ಪೂರ್ತಿ ಬಂದಿದ್ದವು. ಫೋಟೊಗಳಲ್ಲಿ ಅರ್ಧದಷ್ಟು ಉಳಿದವು. ಒಂದು ಹಾಡು ನಡುವೆಯೇ ತುಂಡಾಗಿತ್ತು. ಸಾಗರದಲ್ಲಿರುವ ನನ್ನ ನಾದಿನಿ ಅದರ ಉಳಿದ ಸಾಲುಗಳನ್ನು ಫೋನಿನಲ್ಲಿ ಹಾಡಿದಳು, ಮೊಮ್ಮಗಳು ಬರೆದುಕೊಂಡಳು. ಹನ್ನೆರಡನೆಯದು, ಹೆಣ್ಣು ಒಪ್ಪಿಸುವ ಹಾಡು, ಬರಲೇ ಇಲ್ಲ. ಅವಳ ಆ ಧಾಟಿ ನಾದಿನಿಗೂ ಗೊತ್ತಿಲ್ಲ. ಫೈಲಿನ ಹೆಸರು ಮಾತ್ರ ಉಳಿದಿದೆ.

ಈಗ ಎಲ್ಲದಕ್ಕೂ ಮೂರು ಪ್ರತಿ ಇದೆ: ಹೊಸ ಲ್ಯಾಪ್‌ಟಾಪಿನಲ್ಲಿ ಒಂದು, ಬೀರುವಿನಲ್ಲಿಟ್ಟ ಬೇರೆ ಡಿಸ್ಕಿನಲ್ಲಿ ಒಂದು, ಊರಾಚೆ ಮಗನ ಮನೆಯಲ್ಲಿ ಒಂದು. ಇದೇನೂ ಹೊಸ ವಿದ್ಯೆಯಲ್ಲ. ನನ್ನ ಹೆಂಡತಿ ಮೊಗೆಕಾಯಿ ಬೀಜವನ್ನು ಬೂದಿ ಬೆರೆಸಿ ಗೋಡೆಗೆ ಮೆತ್ತುತ್ತಿದ್ದಳು, ಒಂದಿಷ್ಟು ಡಬ್ಬಿಯಲ್ಲಿಡುತ್ತಿದ್ದಳು, ಒಂದು ಹಿಡಿ ತವರಿಗೂ ಕಳಿಸುತ್ತಿದ್ದಳು. ಒಂದು ಕಡೆ ಹುಳ ಹಿಡಿದರೂ ಇನ್ನೊಂದು ಕಡೆಯದು ಮೊಳೆಯುತ್ತಿತ್ತು. ಬಿತ್ತುವ ಮುಂಚೆ ನಾಲ್ಕು ಬೀಜ ನೆನೆಹಾಕಿ ನೋಡುವಂತೆ, ನಾವೂ ತಿಂಗಳಿಗೊಮ್ಮೆ ಆ ಪ್ರತಿಗಳನ್ನು ತೆರೆದು ನೋಡುತ್ತೇವೆ.

ಮಕ್ಕಳೇ, ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವುಗಳಲ್ಲಿರುವುದು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ. ಅದು ಟಿಕ್ ಎನ್ನುವುದಿಲ್ಲ, ಸದ್ದಿಲ್ಲದೆ ಹೋಗಿಬಿಡಬಹುದು. ಆದ್ದರಿಂದ ಈ ಭಾನುವಾರ ನಿಮ್ಮ ಅಜ್ಜ, ಅಜ್ಜಿಯ ಪಕ್ಕ ಕೂತು ಒಂದು ಚೀಟಿ ಬರೆಯಿರಿ. ಯಾವ ಕಚೇರಿಯಲ್ಲೂ ಮತ್ತೆ ಸಿಗದಿರುವುದು ಮೊದಲ ಸಾಲಿನಲ್ಲಿರಲಿ.