ಕೆನೆಬೆಕ್ ನದಿ ದಂಡೆಯ ಕಾಗದಪತ್ರಗಳ ಮನೆ

ಬಾಸ್ಟನ್ನಿನಲ್ಲಿರುವ ಮಗನ ಮನೆಗೆ ನಾನು ಹೋಗಿದ್ದು ಏಪ್ರಿಲಿನಲ್ಲಿ. ಅಲ್ಲಿನ ಶಾಲೆಗಳಿಗೆ ಆ ತಿಂಗಳು ಒಂದು ವಾರ ರಜೆ. ಏಳನೇ ತರಗತಿಯಲ್ಲಿರುವ ಮೊಮ್ಮಗಳಿಗೆ ರಜೆಯಲ್ಲೂ ಬಿಡದೆ ಪ್ರಬಂಧವೊಂದನ್ನು ಬರೆಯಲು ಹೇಳಿದ್ದರು. ಅವಳು ಆರಿಸಿಕೊಂಡ ವಿಷಯ ಮಾರ್ಗರೆಟ್ ಚೇಸ್ ಸ್ಮಿತ್ ಎಂಬ ಸೆನೆಟರ್. ನಾನು ಆ ಹೆಸರನ್ನೇ ಕೇಳಿರಲಿಲ್ಲ.

"ಅವರ ಕಾಗದಪತ್ರ, ಫೋಟೋ ಎಲ್ಲ ಮೇನ್ ರಾಜ್ಯದ ಸ್ಕೌಹೀಗನ್ ಅನ್ನೋ ಊರಲ್ಲಿದೆಯಂತೆ. ನೀನೂ ಬಾ ತಾತ" ಎಂದಳು. ಲೆಡ್ಜರು, ವೋಚರುಗಳ ನಡುವೆ ಆಯುಸ್ಸು ಕಳೆದವನಿಗೆ ಕಾಗದಪತ್ರ ಎಂದರೆ ಸಾಕು, ಹೊರಟೆ.

ಮಕ್ಕಳೇ, ಸೆನೆಟ್ ಎಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ. ನಮ್ಮ ರಾಜ್ಯಸಭೆ ಇದ್ದ ಹಾಗೆ, ಆದರೆ ಅಲ್ಲಿ ಜನರೇ ನೇರವಾಗಿ ಮತ ಹಾಕಿ ಆರಿಸುತ್ತಾರೆ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಇಬ್ಬರೇ ಸೆನೆಟರುಗಳು. ಈಗ 50 ರಾಜ್ಯಗಳಿಂದ 100 ಮಂದಿ. ಇನ್ನೊಂದು ವಿಚಾರ ನನಗೆ ಹೊಸದು. ಸೆನೆಟಿನ ಸಮಿತಿಗಳ ದಾಖಲೆ ಸರ್ಕಾರದ ಸ್ವತ್ತು, ಆದರೆ ಸೆನೆಟರ್ ಕಚೇರಿಗೆ ಬಂದ ಪತ್ರ, ಭಾಷಣದ ಕರಡು, ಫೋಟೋ ಇವೆಲ್ಲ ಅವರವರ ಸ್ವಂತದ್ದು. ಅಧಿಕಾರ ಮುಗಿದ ಮೇಲೆ ಅದನ್ನು ಎಲ್ಲಿಡಬೇಕೆಂದು ಅವರೇ ತೀರ್ಮಾನಿಸಬೇಕು. ಹೆಚ್ಚಿನವರು ತಮ್ಮ ರಾಜ್ಯದ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಕೊಡುತ್ತಾರೆ. ಸ್ಮಿತ್ ಅವರದು ಮಾತ್ರ ಅವರು ಹುಟ್ಟಿದ ಊರಿನಲ್ಲೇ, ಅವರ ಮನೆಗೆ ಅಂಟಿಕೊಂಡೇ ಕಟ್ಟಿದ ಗ್ರಂಥಾಲಯದಲ್ಲಿದೆ.

ಬಾಸ್ಟನ್ನಿನಿಂದ ಉತ್ತರಕ್ಕೆ ಸುಮಾರು 320 ಕಿಲೋಮೀಟರ್. ಮಗ ಕಾರು ಓಡಿಸಿದ. ಪೋರ್ಟ್‌ಲ್ಯಾಂಡ್, ರಾಜಧಾನಿ ಆಗಸ್ಟಾ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಬರೀ ಕಾಡು. ಮರಗಳಲ್ಲಿ ಇನ್ನೂ ಚಿಗುರಿಲ್ಲ, ನೆರಳಿರುವ ಕಡೆ ಹಳೆಯ ಹಿಮ ಕೊಳಕಾಗಿ ಬಿದ್ದಿತ್ತು. ಸ್ಕೌಹೀಗನ್ ಎಂಬುದು ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರ ಮಾತು. ಮೀನಿಗಾಗಿ ಕಾದು ನೋಡುವ ಜಾಗ ಎಂದು ಅರ್ಥವಂತೆ. ಕೆನೆಬೆಕ್ ನದಿ ಹಿಮ ಕರಗಿದ ನೀರಿನಿಂದ ತುಂಬಿ ಹರಿಯುತ್ತಿತ್ತು.

ಗ್ರಂಥಾಲಯ ತೆರೆದದ್ದು 1982ರಲ್ಲಿ. ಒಳಗೆ 3 ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಪತ್ರಿಕೆಗಳ ತುಣುಕು ಅಂಟಿಸಿದ ಪುಸ್ತಕಗಳೇ ನೂರಾರು. ಅಟ್ಟದ ಮೇಲೆ ಧೂಳು ತಿನ್ನುವ ಗಂಟಲ್ಲ. ದಿನಾಂಕವಾರು, ವಿಷಯವಾರು ಜೋಡಿಸಿದ್ದು. ನಮ್ಮ ಹಳೆಯ ರೆಕಾರ್ಡ್ ರೂಮ್ ನೆನಪಾಗಿ ನನಗೆ ನಾಚಿಕೆಯಾಯಿತು, ಇರಲಿ.

ಫೋಟೋಗಳ ಮುಂದೆ ಹೆಚ್ಚು ಹೊತ್ತು ನಿಂತೆವು. 1897ರಲ್ಲಿ ಹುಟ್ಟಿದ ಈಕೆಯ ತಂದೆ ಕ್ಷೌರಿಕ. ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಬಾಸ್ಕೆಟ್‌ಬಾಲ್ ತಂಡದ ನಾಯಕಿ. ಅಂಗಡಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಊರಿನ ಪತ್ರಿಕೆಯಲ್ಲಿ, ಉಣ್ಣೆಯ ಗಿರಣಿಯ ಕಚೇರಿಯಲ್ಲಿ ದುಡಿದರು. ಕಾಂಗ್ರೆಸ್ ಸದಸ್ಯರಾಗಿದ್ದ ಗಂಡ 1940ರಲ್ಲಿ ತೀರಿಕೊಂಡಾಗ ಆ ಸ್ಥಾನಕ್ಕೆ ತಾವೇ ನಿಂತು ಗೆದ್ದರು. 1948ರಲ್ಲಿ ಸೆನೆಟಿಗೂ ಆರಿಸಿ ಬಂದರು. ಅಮೆರಿಕದ ಎರಡೂ ಸದನಗಳಲ್ಲಿ ಕೂತ ಮೊದಲ ಹೆಂಗಸು ಇವರೇ.

ಫೋಟೋಗಳಲ್ಲಿ ಎದೆಯ ಮೇಲೊಂದು ಗುಲಾಬಿ. ದಿನವೂ ತಾಜಾ ಕೆಂಗುಲಾಬಿ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಗುಲಾಬಿಯೇ ರಾಷ್ಟ್ರೀಯ ಪುಷ್ಪವಾಗಬೇಕೆಂದು ಇವರು, ಚೆಂಡುಹೂವೇ ಆಗಬೇಕೆಂದು ಡರ್ಕ್ಸನ್ ಎಂಬ ಇನ್ನೊಬ್ಬ ಸೆನೆಟರು. ವರ್ಷಗಟ್ಟಲೆ ಈ ತಮಾಷೆಯ ಜಗಳ ನಡೆಯಿತು. ಕೊನೆಗೆ ಗುಲಾಬಿಯೇ ಗೆದ್ದಿತು. ಚೆಂಡುಹೂವಿನ ಪರ ನಮ್ಮ ಕಡೆಯ ರೈತರ ಮತ ಇದ್ದಿದ್ದರೆ ಏನಾಗುತ್ತಿತ್ತೋ!

ನನಗೆ ಹಿಡಿಸಿದ್ದು ಹಾಜರಿಯ ಲೆಕ್ಕ. 1955ರಿಂದ 1968ರವರೆಗೆ ಸತತವಾಗಿ 2,941 ಸಲ, ಸದನದಲ್ಲಿ ಹೆಸರು ಕೂಗಿದಾಗಲೆಲ್ಲ ಹಾಜರಿದ್ದು ಮತ ಹಾಕಿದ್ದಾರೆ. ಸೊಂಟದ ಶಸ್ತ್ರಚಿಕಿತ್ಸೆಗೆ ಮಲಗಿದಾಗಲೇ ಅದು ತಪ್ಪಿದ್ದು. 1964ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿದಾಗ ಜನ ಕಳಿಸಿದ ದೇಣಿಗೆಯನ್ನು ವಾಪಸು ಮಾಡಿದರು. ಆ ಸಲ ಗೆಲ್ಲಲಿಲ್ಲ ಅನ್ನಿ.

ಮೊಮ್ಮಗಳು ಬಂದದ್ದು ಮಾತ್ರ 1950ರ ಜೂನ್ 1ಕ್ಕಾಗಿ.

ಆ ವರ್ಷ ಫೆಬ್ರುವರಿಯಲ್ಲಿ ಜೋಸೆಫ್ ಮೆಕಾರ್ತಿ ಎಂಬ ಸೆನೆಟರ್, ಸರ್ಕಾರದ ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿಕೊಂಡಿದ್ದಾರೆ, ಪಟ್ಟಿ ನನ್ನ ಕೈಯಲ್ಲಿದೆ ಎಂದು ಸಾರಿದರು. ಆಗ ರಷ್ಯದ ಭಯ ಎಲ್ಲೆಲ್ಲೂ. ಯಾರ ಮೇಲೆ ಬೆರಳು ತೋರಿಸಿದರೂ ಅವರ ನೌಕರಿಗೆ, ಮಾನಕ್ಕೆ ಕುತ್ತು. ಮೆಕಾರ್ತಿ ಸ್ಮಿತ್ ಅವರ ಪಕ್ಷದವರೇ. ಏನೋ ಆಧಾರ ಇರಬೇಕೆಂದು ಮೊದಲು ಆಕೆಯೂ ನಂಬಿದ್ದರು. ದಾಖಲೆ ತೋರಿಸಿ ಎಂದು ಕೇಳಿದರು. ಅವರು ತೋರಿಸಿದ ಪ್ರತಿಗಳನ್ನು ಓದಿದರೆ, ಅವಕ್ಕೂ ಆರೋಪಕ್ಕೂ ಸಂಬಂಧವೇ ಕಾಣಲಿಲ್ಲ. ವೋಚರ್ ಇಲ್ಲದೆ ಖರ್ಚು ಬರೆದ ಹಾಗೆ!

ಅನುಭವಿ ಸೆನೆಟರುಗಳು ಯಾರಾದರೂ ಎದ್ದು ಮಾತಾಡಲಿ ಎಂದು ಕಾದರು. ಯಾರೂ ಏಳಲಿಲ್ಲ. ಆಗ ಸದನದಲ್ಲಿದ್ದ 96 ಮಂದಿಯಲ್ಲಿ ಈಕೆ ಒಬ್ಬರೇ ಹೆಂಗಸು, ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. ಆ ದಿನ ಸದನಕ್ಕೆ ಹೋಗುವ ಪುಟ್ಟ ರೈಲಿನಲ್ಲಿ ಮೆಕಾರ್ತಿಯೇ ಎದುರಾಗಿ, ಮುಖ ಗಂಭೀರವಾಗಿದೆಯಲ್ಲ, ಭಾಷಣ ಇದೆಯೇ ಎಂದು ಕೇಳಿದರು. ಇದೆ, ನಿಮಗೆ ಹಿಡಿಸುವುದಿಲ್ಲ ಎಂದರಂತೆ ಈಕೆ. ಹದಿನೈದು ನಿಮಿಷ ಮಾತಾಡಿದರು. ಮೆಕಾರ್ತಿ ಹಿಂದಿನ ಸಾಲಿನಲ್ಲೇ ಕೂತಿದ್ದರು. ಭಾಷಣದಲ್ಲಿ ಅವರ ಹೆಸರು ಎತ್ತಲಿಲ್ಲ. ಟೀಕಿಸುವ, ಬೇರೆ ರೀತಿ ಯೋಚಿಸುವ ಹಕ್ಕು ಎಲ್ಲರಿಗೂ ಇದೆ, ಭಯ ಮತ್ತು ಅಪಪ್ರಚಾರದ ಬೆನ್ನೇರಿ ತಮ್ಮ ಪಕ್ಷ ಗೆಲ್ಲುವುದು ಬೇಡ ಎಂಬುದು ಅದರ ಸಾರ. ಜೊತೆಗೆ ಓದಿದ ಹೇಳಿಕೆಗೆ ಆರು ಜನ ಸೆನೆಟರುಗಳು ಒಪ್ಪಿಗೆ ಕೊಟ್ಟಿದ್ದರು. ಮೆಕಾರ್ತಿ ಅವರನ್ನು ಹಿಮಬಿಳಿಯೆಂಬ ರಾಜಕುಮಾರಿ ಮತ್ತು ಆರು ಕುಬ್ಜರು ಎಂದು ಗೇಲಿ ಮಾಡಿದರು. ಮರುವರ್ಷ ತನಿಖಾ ಉಪಸಮಿತಿಯಿಂದ ಈಕೆಯನ್ನು ತೆಗೆಸಿಹಾಕಿ ಆ ಜಾಗಕ್ಕೆ ನಿಕ್ಸನ್ ಅವರನ್ನು ಹಾಕಿಸಿದರು. ಸೆನೆಟ್ ಮೆಕಾರ್ತಿಗೆ ಛೀಮಾರಿ ಹಾಕಿದ್ದು 1954ರ ಡಿಸೆಂಬರಿನಲ್ಲಿ, 67 ಮತಕ್ಕೆ 22ರಂತೆ. ಅಲ್ಲಿಯವರೆಗೆ ನಾಲ್ಕೂವರೆ ವರ್ಷ!

ಮೊಮ್ಮಗಳು ಇದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. "ಉಳಿದವರು ಯಾಕೆ ಸುಮ್ಮನಿದ್ದರು ತಾತ?" ಎಂದಳು.

ವಾಪಸು ಬರುವಾಗ ಕಾರಿನಲ್ಲಿ ಅವಳಿಗೆ ಹೇಳಿದೆ. ನಾನು ನೌಕರಿಗೆ ಸೇರಿದ ಹೊಸತು. ಒಂದು ಸಂಜೆ ಕ್ಯಾಶಿನಲ್ಲಿ 500 ರೂಪಾಯಿ ಕಡಿಮೆ ಬಂತು. ಅಂದಿನ ಕಾಲಕ್ಕೆ ಅದು ದೊಡ್ಡ ಮೊತ್ತ. ಯಾರೋ ನಮ್ಮ ಅಟೆಂಡರ್ ಹೆಸರು ಹೇಳಿದರು. ಮರುದಿನ ಎಲ್ಲರ ಬಾಯಲ್ಲೂ ಅದೇ. ಅವರು ಆ ಮಧ್ಯಾಹ್ನವೆಲ್ಲ ನನ್ನ ಜೊತೆ ರೆಕಾರ್ಡ್ ರೂಮಿನಲ್ಲಿ ಹಳೆಯ ಲೆಡ್ಜರು ಕಟ್ಟುತ್ತಿದ್ದರು, ಕೌಂಟರಿನ ಹತ್ತಿರವೂ ಹೋಗಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಮ್ಯಾನೇಜರ್ ಕರೆದು ಕೇಳಿದರೆ ಹೇಳೋಣ ಎಂದುಕೊಂಡೆ. ಅವರು ಕರೆಯಲಿಲ್ಲ. ಅಟೆಂಡರಿಗೆ ದೂರದ ಊರಿಗೆ ವರ್ಗವಾಯಿತು. ಎರಡು ತಿಂಗಳಾದ ಮೇಲೆ ಲೆಕ್ಕ ತಾಳೆ ನೋಡುವಾಗ ತಪ್ಪು ಸಿಕ್ಕಿತು. ಪಾವತಿಯೊಂದನ್ನು ಪುಸ್ತಕಕ್ಕೆ ಹತ್ತಿಸಿಯೇ ಇರಲಿಲ್ಲ. ಹಣ ಹೋಗಿರಲೇ ಇಲ್ಲ.

ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗನಿಗೂ ಈ ಸಂಗತಿ ಗೊತ್ತಿರಲಿಲ್ಲ.

"ಆಮೇಲಾದರೂ ಅವರಿಗೆ ಹೇಳಿದೆಯಾ?"

"ಇಲ್ಲ ಪುಟ್ಟೀ."

"ಅವರ ಅಡ್ರೆಸ್ ಇದೆಯಾ?"

ನಿವೃತ್ತರ ಪಟ್ಟಿಯಲ್ಲಿ ಇರಬಹುದು ಎಂದೆ. ಮೈಸೂರಿಗೆ ಬಂದ ಮೇಲೆ ಹುಡುಕಿದೆ, ಇತ್ತು. ಆ ಮಧ್ಯಾಹ್ನ ಅವರು ಎಲ್ಲಿದ್ದರು, ನಾನು ಏನು ಮಾಡಲಿಲ್ಲ ಎಂಬುದನ್ನು ಎರಡು ಪುಟ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಒಂದು ಪ್ರತಿ ನನ್ನ ಫೈಲಿನಲ್ಲಿದೆ, ಇನ್ನೊಂದನ್ನು ಮೊಮ್ಮಗಳು ಕೇಳಿ ತರಿಸಿಕೊಂಡಳು. ಕಾಗದ ತಲುಪಿದೆ ಎಂಬ ಸ್ವೀಕೃತಿ ಚೀಟಿ ಬಂದಿದೆ. ಸಹಿ ನಡುಗುವ ಕೈಯದು, ಆದರೆ ಅವರದೇ.