ಗಲ್ಲಾ ಪಕ್ಕದ ಇಂಗ್ಲಿಷ್



ನಮ್ಮ ಸಂಬಂಧಿಕರ ಮಗಳೊಬ್ಬಳು ಎರಡು ವರ್ಷದ ಹಿಂದೆ ಜಪಾನಿನಿಂದ ರಜೆಗೆಂದು ಜಹೀರಾಬಾದಿಗೆ ಬಂದಿದ್ದಳು. ಅವಳ ಗಂಡ ಅಲ್ಲಿ ಎಂಜಿನಿಯರ್. ಇರುವುದು ದೊಡ್ಡ ಶಹರದಲ್ಲಲ್ಲ, ಭತ್ತದ ಗದ್ದೆಗಳ ನಡುವಿನ ಸಣ್ಣ ಊರು. "ಹಗಲೆಲ್ಲ ಒಬ್ಬಳೇ ಹೊತ್ತು ಹೇಗೆ ಕಳೆಯುತ್ತೀ?" ಎಂದು ನಮ್ಮ ಮನೆಯವರು ಕೇಳಿದರು. "ವಾರಕ್ಕೊಮ್ಮೆ ಊರಿನ ಸಮುದಾಯ ಭವನಕ್ಕೆ ಹೋಗಿ ಅಲ್ಲಿಯ ಜನರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಬರುತ್ತೇನೆ" ಎಂದಳು. ಸಂಬಳವೆಷ್ಟು ಎಂದು ನಾನು ಕೇಳಿದೆ. ವ್ಯಾಪಾರಿಯ ಬಾಯಿಗೆ ಮೊದಲು ಬರುವ ಪ್ರಶ್ನೆಯೇ ಅದು. ಸಂಬಳವಿಲ್ಲ, ಸೇವೆ. ಕುಡಿಯಲು ಹಸಿರು ಚಹಾ ಕೊಡುತ್ತಾರಂತೆ, ಅದೂ ಹಾಲು ಸಕ್ಕರೆ ಇಲ್ಲದ್ದು.

ನನಗೆ ಆಶ್ಚರ್ಯವಾದದ್ದು ಬೇರೆ. ಅಷ್ಟು ಮುಂದುವರಿದ ದೇಶದವರಿಗೆ ಇಂಗ್ಲಿಷ್ ಮಾತಾಡಲು ನಮ್ಮ ಹುಡುಗಿ ಬೇಕಾಯಿತೇ? ಅವಳು ವಿವರಿಸಿದಳು. ಅಲ್ಲಿಯ ಮಕ್ಕಳು ಮಾಧ್ಯಮಿಕ ಶಾಲೆಯಲ್ಲಿ ಮೂರು ವರ್ಷ, ಪ್ರೌಢಶಾಲೆಯಲ್ಲಿ ಮೂರು ವರ್ಷ ಇಂಗ್ಲಿಷ್ ಓದುತ್ತಾರೆ. ವ್ಯಾಕರಣ ಬರುತ್ತದೆ, ಪರೀಕ್ಷೆ ಪಾಸಾಗುತ್ತದೆ, ಆದರೆ ಎದುರಿಗೆ ಒಬ್ಬ ಪರದೇಶಿ ಬಂದು ನಿಂತರೆ ಬಾಯಿ ಕಟ್ಟುತ್ತದೆ. ತಪ್ಪಾದೀತು ಎಂಬ ಸಂಕೋಚ. ಅದಕ್ಕಾಗಿಯೇ ಅಲ್ಲಿಯ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆ ಮಾಡಿ ಹೊರದೇಶದ ಯುವಕ ಯುವತಿಯರನ್ನು ಹಳ್ಳಿಹಳ್ಳಿಯ ಶಾಲೆಗಳಿಗೂ ಕಳಿಸಿತು. 2020ರಿಂದ ಐದನೆಯ ತರಗತಿಗೇ ಇಂಗ್ಲಿಷನ್ನು ವಿಷಯವಾಗಿ ಇಟ್ಟಿದ್ದಾರೆ. ಶಾಲೆ ಬಿಟ್ಟು ನಲವತ್ತು ವರ್ಷವಾದ ಹಿರಿಯರಿಗೆ ಮಾತ್ರ ಈ ವಾರದ ಬೈಠಕ್ಕೇ ಗತಿ.

ಇನ್ನೊಂದು ಮಾತು ನಮ್ಮ ಹೆಣ್ಣುಮಕ್ಕಳಿಗೆ ರುಚಿಸೀತು. ಆ ದೇಶದ ಅಡಿಗೆಯಲ್ಲಿ ತಿಳಿಸಾರಿಗೂ ಒಣಮೀನಿನ ನೀರು ಬೀಳುತ್ತದೆ. ಹಾಗಾಗಿ ಭವನದಲ್ಲಿ ಕೊಟ್ಟ ತಿಂಡಿಯನ್ನು ಇವಳು ಮುಟ್ಟುತ್ತಿರಲಿಲ್ಲ. ಏಕೆ ಎಂದು ಮುದುಕಿಯರು ಕೇಳಿದರು. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಗಡ್ಡೆಗೆಣಸಿಲ್ಲ ಎಂದು ಇವಳು ಹೇಳಬೇಕಾಯಿತು. ಆಗ ಅವರಲ್ಲೊಬ್ಬಳು ತಡವರಿಸುತ್ತ, ತಮ್ಮ ಬೌದ್ಧ ಮಠಗಳಲ್ಲೂ 'ಶೋಜಿನ್' ಎಂಬ ಅಡಿಗೆ ಇದೆ, ಅದರಲ್ಲಿ ಮೀನು ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ ಎಂದಳಂತೆ. ಗಡ್ಡೆ ಮಾತ್ರ ಉಂಟು. ಈ ಒಂದು ವಿಷಯದ ಮೇಲೆ ನಾಲ್ಕು ವಾರ ಮಾತು ನಡೆಯಿತು. ಪುಸ್ತಕದ ಪಾಠವಾಗಿದ್ದರೆ ಒಂದೇ ಗಂಟೆಗೆ ಎಲ್ಲರೂ ಆಕಳಿಸುತ್ತಿದ್ದರು.

ಅವಳು ಹೋದ ಮೇಲೆ ನಾನು ಯೋಚಿಸಿದೆ. ನಾನು ಮೆಟ್ರಿಕ್ ಪಾಸಾದವನು, ಅಷ್ಟೇ. ಆದರೆ ಕನ್ನಡ, ತೆಲುಗು, ಉರ್ದು, ಮಾರವಾಡಿ ನಾಲ್ಕರಲ್ಲೂ ವ್ಯಾಪಾರ ಮಾಡುತ್ತೇನೆ, ಮರಾಠಿಯಲ್ಲಿ ಜಗಳವನ್ನೂ ಆಡಬಲ್ಲೆ. ತೆಲುಗು ನನಗೆ ಯಾರೂ ಕಲಿಸಲಿಲ್ಲ. ನಮ್ಮ ತಂದೆಯವರಿಗೂ ಅಷ್ಟೇ. ಅವರು ನಿಜಾಮರ ಕಾಲದಲ್ಲಿ ಉರ್ದು ಓದಿದವರು. ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಹಾಗೆಯೇ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಇವೆಲ್ಲ 1956ರ ನವೆಂಬರ್ 1ರಂದು ಆಂಧ್ರ ಪ್ರದೇಶಕ್ಕೆ ಹೋದವು. ಕಚೇರಿಯ ಭಾಷೆ ಬದಲಾಯಿತು, ಗಿರಾಕಿ ಬದಲಾಗಲಿಲ್ಲ. ತಂದೆಯವರು ಗಲ್ಲಾದ ಮೇಲೆ ಕುಳಿತೇ ತೆಲುಗು ಕಲಿತರು. ಬೇಳೆ ಕೊಳ್ಳಲು ಬಂದ ರೈತ ಇವರ ವಿಭಕ್ತಿ ತಿದ್ದುತ್ತ ನಿಲ್ಲಲಿಲ್ಲ, ತೂಕ ಸರಿಯಿದೆಯೇ ಎಂದು ನೋಡಿದ. ಹತ್ತು ವರ್ಷ ಶಾಲೆಯಲ್ಲಿ ಓದಿದ ಇಂಗ್ಲಿಷ್ ಬಾಯಿಗೆ ಬಾರದೆ, ಒಂದು ದಿನವೂ ಓದದ ತೆಲುಗು ಬಂದದ್ದು ಏಕೆ ಎಂಬುದಕ್ಕೆ ಉತ್ತರ ಅಲ್ಲೇ ಇತ್ತು.

ಇಲ್ಲೊಂದು ಹಳೆಯ ಮಾತು. 1980ರ ದಶಕದಲ್ಲಿ ಹೈದರಾಬಾದಿನ ಆಲ್ವಿನ್ ಕಂಪನಿ ಜಪಾನಿನ ನಿಸಾನ್ ಜೊತೆ ಕೂಡಿ ನಮ್ಮೂರಲ್ಲಿ ಸಣ್ಣ ಲಾರಿಯ ಕಾರ್ಖಾನೆ ಹಾಕಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಅದು ಮಹೀಂದ್ರಾದವರ ಕೈಗೆ ಬಂತು. ಈಗ ನಮ್ಮೂರಲ್ಲಿ ಅವರ ಟ್ರ್ಯಾಕ್ಟರ್ ತಯಾರಾಗುತ್ತದೆ. ಆ ಮೊದಲ ದಿನಗಳಲ್ಲಿ ಒಬ್ಬ ಜಪಾನೀ ಗೃಹಸ್ಥ ನಮ್ಮ ಅಂಗಡಿಗೆ ಬಂದು, "ಮೊಸುಕಿಟೊ" ಎಂದು ತನ್ನ ಕತ್ತಿಗೆ ತಾನೇ ಹೊಡೆದುಕೊಂಡ. ನಾನು ಸೊಳ್ಳೆಬತ್ತಿ ಕೊಟ್ಟೆ. ಮರುದಿನ ಬಂದು, "ಗುಡ್ ಸ್ಲೀಪ್, ಥ್ಯಾಂಕ್ಯೂ" ಎಂದ. ನಾನು, "ವೆರಿ ಗುಡ್, ಹ್ಯಾಪಿ ಸ್ಲೀಪಿಂಗ್" ಎಂದೆ. ಅವನ ಇಂಗ್ಲಿಷೂ ಮುರುಕು, ನನ್ನದೂ ಮುರುಕು, ಇಬ್ಬರಿಗೂ ನಾಚಿಕೆಯಿರಲಿಲ್ಲ. ಆಮೇಲೆ ಅವನು ಬತ್ತಿ ಬೇಡದ ದಿನವೂ ಬರುತ್ತಿದ್ದ.

ಕಳೆದ ವರ್ಷ ಯುಗಾದಿಯ ನಂತರ ನಮ್ಮ ತೊಗರಿ ಗೋದಾಮಿನ ಮುಂದಿನ ಕಟ್ಟೆಯ ಮೇಲೆ ಬೈಠಕ್ ಶುರು ಮಾಡಿದೆ. ನಮ್ಮಲ್ಲಿ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದಲ್ಲ, ಏಳರಿಂದ ಎಂಟರವರೆಗೆ ಹಿರಿಯರಿಗೆ ಟಿವಿ ನೋಡುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಮೊದಲು ಬಂದವರು ನಮ್ಮ ಹಮಾಲರ ಇಬ್ಬರು ಹುಡುಗರು, ಡಿಪ್ಲೊಮಾ ಮಾಡಿದವರು. ನಿಯಮ ಎರಡೇ: ಯಾರೂ ನಗಬಾರದು, ಯಾರೂ ನಡುವೆ ತಿದ್ದಬಾರದು.

ಪರಿಚಯದ ಮಾಸ್ತರರೊಬ್ಬರು ಆಕ್ಷೇಪ ಎತ್ತಿದರು. "ಶೇಟ್ಜಿ, ನಿಮ್ಮ ಇಂಗ್ಲಿಷೇ ತಪ್ಪು. ಮಕ್ಕಳು ಅದನ್ನೇ ಕಲಿತರೆ?" ಅವರ ಮಾತು ಸುಳ್ಳಲ್ಲ. ಆದರೆ ತಪ್ಪಿಲ್ಲದ ಇಂಗ್ಲಿಷ್ ಕಲಿಸಲು ಅವರಿದ್ದಾರೆ. 2022ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂದಿದೆ. ನಾನು ಕಲಿಸುವವನಲ್ಲ, ಗಿರಾಕಿ. ಮಕ್ಕಳು ಮಾರುತ್ತಾರೆ, ನಾನು ಕೊಳ್ಳುತ್ತೇನೆ. ನನಗಿಂತ ಚೆನ್ನಾಗಿ ಮಾತಾಡುವವರ ಮುಂದೆ ಅವರು ಬಾಯಿಯನ್ನೇ ಬಿಡುವುದಿಲ್ಲ.

ನಾರಾಯಣಖೇಡದ ನಮ್ಮ ಬಟ್ಟೆ ವ್ಯಾಪಾರಿಯೊಬ್ಬರ ಗುಮಾಸ್ತನ ಮಗಳು ಬಿ.ಕಾಂ. ಮುಗಿಸಿ ಹೈದರಾಬಾದಿನಲ್ಲಿ ಮೂರು ಸಂದರ್ಶನಗಳಿಗೆ ಹೋಗಿದ್ದಳು. ಮೂರನೆಯ ಕಡೆ ಒಬ್ಬರು ನಕ್ಕರಂತೆ. ಅಂದಿನಿಂದ ಮನೆಯಲ್ಲೂ ಅವಳ ಮಾತು ಕಡಿಮೆಯಾಯಿತು. "ಇನ್ನು ಓದು ಸಾಕು, ಮದುವೆ ಮಾಡಿಬಿಡುತ್ತೇನೆ" ಎಂದು ತಂದೆ ಗೊತ್ತು ಮಾಡಿದ್ದ. ನಾನು ವಸೂಲಿಗೆ ಪ್ರತಿ ಗುರುವಾರ ಆ ಊರಿಗೆ ಹೋಗುತ್ತೇನೆ. "ಆರು ತಿಂಗಳು ತಡೆ" ಎಂದು ಅವನಿಗೆ ಹೇಳಿದೆ. ಮೊದಲ ಎರಡು ಗುರುವಾರ ಹುಡುಗಿ ಬಂದು ಕುಳಿತಳು, ಮಾತಾಡಲಿಲ್ಲ. ನಾನೇ ನನ್ನ ಇಂಗ್ಲಿಷಿನಲ್ಲಿ ನನ್ನ ಮಂಡಿನೋವಿನ ಕಥೆ ಹೇಳಿದೆ. ಮೂರನೆಯ ವಾರ, "ಅಂಕಲ್, ವಿಚ್ ಲೆಗ್?" ಎಂದಳು. ಎರಡು ಶಬ್ದ. ಅವಳ ತಂದೆ ಅಳತೆಯ ಗಜ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

ಏನು ಮಾತಾಡುವುದು ಎಂಬುದೇ ಮೊದಲಿನ ತೊಡಕು. ಹವಾಮಾನ, ಹವ್ಯಾಸ ಇವೆಲ್ಲ ಎರಡು ನಿಮಿಷಕ್ಕೆ ಮುಗಿಯುತ್ತವೆ. ಅವರವರ ಕಸುಬಿನ ಮಾತು ತೆಗೆದರೆ ಮುಗಿಯುವುದಿಲ್ಲ. ತಾಂಡೂರಿನಲ್ಲಿ ನನ್ನ ಸ್ನೇಹಿತರೊಬ್ಬರ ಪಾಲಿಶ್ ಕಾರ್ಖಾನೆಯ ವರಾಂಡದಲ್ಲಿ ಮಂಗಳವಾರ ಕೂಡುತ್ತಾರೆ. ಅಲ್ಲಿಯ ಹುಡುಗರು ನೆಲಗಲ್ಲನ್ನು ಗಣಿಯಿಂದ ಹೇಗೆ ಪದರು ಪದರಾಗಿ ಎಬ್ಬಿಸುತ್ತಾರೆ, ಬೂದು ಕಲ್ಲಿಗೂ ಹಳದಿ ಕಲ್ಲಿಗೂ ದರ ಏಕೆ ಬೇರೆ ಎಂದು ಹೇಳತೊಡಗಿದರೆ ಗಡಿಯಾರ ನೋಡುವುದಿಲ್ಲ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದನ್ನು ಪರ ಊರಿನ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಹೇಳಿ ಹೆಚ್ಚಿನ ದರ ಕೇಳುವುದು ಹೇಗೆ ಎಂದು ಒಂದು ವಾರ ಪಂದ್ಯವನ್ನೇ ಇಟ್ಟೆವು. ಗೆದ್ದವನು ಹತ್ತನೆಯಲ್ಲಿ ಇಂಗ್ಲಿಷಿನಲ್ಲೇ ನಪಾಸಾದ ಹುಡುಗ.

ನಮ್ಮ ಸಮಾಜದ ಅಂಗಡಿಗಳು ಈ ಮೂರು ಊರುಗಳಲ್ಲೂ ಇವೆ. ಪ್ರತಿ ಅಂಗಡಿಯಲ್ಲೂ ಮಗನಿಗೆ ಗಲ್ಲಾ ಒಪ್ಪಿಸಿ ಸುಮ್ಮನೆ ಕುಳಿತ ಒಬ್ಬ ಹಿರಿಯರು ಇದ್ದಾರೆ. ಖರ್ಚು ಒಂದು ಚಾಪೆ, ಒಂದು ತಂಬಿಗೆ ನೀರು.

ನಾರಾಯಣಖೇಡದ ಹುಡುಗಿ ಈಗ ಸಂಗಾರೆಡ್ಡಿಯಲ್ಲಿ ಒಂದು ಬಿಡಿಭಾಗದ ಕಂಪನಿಯಲ್ಲಿ ಫೋನಿನ ಕೆಲಸ ಮಾಡುತ್ತಾಳೆ. ಹೋದ ತಿಂಗಳು ಅಂಗಡಿಗೆ ಫೋನ್ ಬಂತು. ಗಿರಾಕಿಯೇ ಇರಬೇಕೆಂದು ಎತ್ತಿದರೆ ಅವಳು, ಮನೆಗೆ ತೊಗರಿಬೇಳೆ ಬೇಕಾಗಿತ್ತು. ದರ ಹೇಳಿದೆ. "ಟೂ ಮಚ್, ಅಂಕಲ್" ಎಂದು ಚೌಕಾಸಿಗೆ ನಿಂತಳು. ಕಿಲೋಗೆ ನಾಲ್ಕು ರೂಪಾಯಿ ಇಳಿಸಿದೆ, ಅವಳು ಆರು ಕೇಳುತ್ತಿದ್ದಳು.